ಆಂಬುಲೆನ್ಸಿನ ನೆತ್ತಿಗೊಂದು ತೂತು

ಅವತ್ತು ಮಧ್ಯಾಹ್ನ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಬೇಕು. ಅರ್ಧ ಪಾತ್ರೆಗೆ, ಅರ್ಧ ಸ್ಟೌ ಕೆಳಗೆ. (ನಮ್ಮ ಕಡೆ ಹೆಂಗಸರ ಬೆರಳಿಗೆ ಚಳಿಗಾಲ ಪೂರ್ತಿ ಇದೇ ವಾಸನೆ.) ಫೋನ್ ಬಂತು. ದೇವಸ್ಥಾನದಿಂದ ರತ್ನಕ್ಕ.

"ಪದ್ಮಮ್ಮ, ನಿಮ್ಮ ಯಜಮಾನ್ರು ಏನಾದ್ರೂ ಫೋನ್ ಮಾಡಿದ್ರೇನಮ್ಮ?"

"ಇಲ್ವಲ್ಲಕ್ಕ. ಸಾದಲಿ ಆಚೆ ಹೋಗವ್ರೆ, ಅಲ್ಲಿ ಸಿಗ್ನಲ್ ಎಲ್ಲಿರುತ್ತೆ? ವೈರ್‌ಲೆಸ್‌ನಲ್ಲಿ ಕೂಗಿ."

"ಕೂಗ್ತಾನೇ ಇದೀನಿ ಕಣಮ್ಮ. ಗಾಡಿ ಮಾತಾಡ್ತಿಲ್ಲ."

ಕೈ ತೊಳೆಯಲೂ ಇಲ್ಲ. ಸೆರಗಿಗೆ ಒರೆಸಿಕೊಂಡು ಓಡಿದೆ.

ನಮ್ಮ ಮನೆಯವರು ಶಿಡ್ಲಘಟ್ಟದ ಕಡೆ ಒಂದು ದೇವಸ್ಥಾನದ ಟ್ರಸ್ಟಿನ ಆಂಬುಲೆನ್ಸ್ ಓಡಿಸುತ್ತಾರೆ. ಮೊಬೈಲ್ ಕಾಲದಲ್ಲಿ ವೈರ್‌ಲೆಸ್ ಯಾಕೆ ಅಂತೀರಾ? ಗುಡ್ಡದ ಮರೆಯ ಹಳ್ಳಿಗಳಿಗೆ ಹೋದರೆ ಮೊಬೈಲ್ ಬರೀ ಗಡಿಯಾರ. ಹಾಗಾಗಿ ಟ್ರಸ್ಟಿನವರು ಲೈಸೆನ್ಸ್ ಮಾಡಿಸಿ, ಹೊಸ ಗಾಡಿಯಲ್ಲೊಂದು ಸೆಟ್, ದೇವಸ್ಥಾನದ ಅಡುಗೆಮನೆ ಪಕ್ಕದ ರೂಮಿನಲ್ಲೊಂದು ಸೆಟ್ ಇರಿಸಿದ್ದರು. ರೂಮಿನ ಸೆಟ್ಟಿನ ಮುಂದೆ ಕೂರುವವರು ರತ್ನಕ್ಕ. ನಮ್ಮ ಮನೆ ದೇವಸ್ಥಾನದ ಹಿಂದಿನ ಬೀದಿ.

ಹೋಗಿ ನೋಡಿದರೆ ರತ್ನಕ್ಕನ ಮುಖದಲ್ಲಿ ರಕ್ತವಿಲ್ಲ.

ವಿಷಯ ಇಷ್ಟು. ಸಾದಲಿ ಆಚೆಯ ಹಳ್ಳಿಯೊಂದರಿಂದ ತುಂಬು ಗರ್ಭಿಣಿಯನ್ನು ಹತ್ತಿಸಿಕೊಂಡು ನಮ್ಮವರು ಶಿಡ್ಲಘಟ್ಟದ ಆಸ್ಪತ್ರೆಗೆ ಹೊರಟಿದ್ದರು. ಚೊಚ್ಚಲು. "ಬಿಪಿ ತುಂಬಾ ಜಾಸ್ತಿ ಇದೆ, ಬೇಗ ಬರ್ತೀವಿ" ಎಂದು ಗಾಡಿಯಲ್ಲಿದ್ದ ನರ್ಸ್ ವೈರ್‌ಲೆಸ್‌ನಲ್ಲಿ ಹೇಳಿದ್ದೇ ಕೊನೆ. ಅದಾದ ಸ್ವಲ್ಪ ಹೊತ್ತಿಗೆ ಹಾಲಿನ ವ್ಯಾನಿನವರು ಬಂದು, ತಮ್ಮ ಹಿಂದೆಯೇ ಕಲ್ಲಿನ ಲಾರಿಯೊಂದು ಸಾದಲಿ ರಸ್ತೆಗೆ ಅಡ್ಡ ಬಿದ್ದಿತು ಎಂದಿದ್ದರು. ಒಂದು ಕಡೆ ಗುಡ್ಡ ಕೊರೆದ ಗೋಡೆ, ಇನ್ನೊಂದು ಕಡೆ ಕೆರೆ. ಆ ರಸ್ತೆಗೆ ಒಮ್ಮೆ ನುಗ್ಗಿದ ಗಾಡಿ ತಿರುಗಿಸಲು ಜಾಗವಿಲ್ಲ. ಹಿಂದೆ ನಾಲ್ಕು ಗಾಡಿ ಬಂದು ನಿಂತರೆ ಮುಗಿಯಿತು.

ಅದಕ್ಕೂ ಮೊದಲು ಒಂದು ಕ್ರಾಸ್ ಇದೆ. ಅಲ್ಲಿ ಎಡಕ್ಕೆ ತಿರುಗಿದರೆ ಚಿಂತಾಮಣಿ. ಅಲ್ಲಿನ ಆಸ್ಪತ್ರೆಗೆ ಹೋಗಬಹುದು. ನೇರ ಬಂದರೆ ಲಾರಿ. ಗಾಡಿ ಕ್ರಾಸ್ ಮುಟ್ಟುವ ಮೊದಲು ಒಂದು ಮಾತು ತಲುಪಬೇಕು. ಅಷ್ಟೇ. ಅರ್ಚಕರ ತಮ್ಮ ಬೈಕ್ ತೆಗೆದುಕೊಂಡು ಹೊರಟಿದ್ದರು, ನಿಜ. ಆದರೆ ಕ್ರಾಸ್ ಎಲ್ಲಿ, ಬೈಕ್ ಎಲ್ಲಿ?

ಇಲ್ಲಿ ಆಂಟೆನಾ ಕಥೆ ಹೇಳಲೇಬೇಕು.

ಹಿಂದಿನ ವಾರ ಗಾಡಿಗೆ ಪೂಜೆಯಾದ ಮಾರನೇ ದಿನ ಚಿಂತಾಮಣಿಯಿಂದ ಸಾದಿಕ್ ಬಂದ. ಕಾರುಗಳಿಗೆ ಸ್ಪೀಕರ್, ಲೈಟು ಕೂರಿಸುವವನು. ಗಾಡಿಯ ಮೇಲೆ ಹತ್ತಿ, ಮಧ್ಯದಲ್ಲಿ ಬೆರಳಿಟ್ಟು, "ಅಣ್ಣಾ, ಇಲ್ಲೊಂದು ತೂತು ಹೊಡ್ದು ಬೋಲ್ಟ್ ಬಿಗಿದ್ರೆ ಆಂಟೆನಾ ಜನ್ಮದಲ್ಲಿ ಅಲ್ಲಾಡಲ್ಲ" ಎಂದ.

ನಮ್ಮವರು ಹೌಹಾರಿದರು. "ತೂತಾ? ನಿನ್ನೆ ತಾನೆ ಪೂಜೆ ಆಗೈತೆ ಕಣಪ್ಪ! ಕುಂಕುಮ ಇಟ್ಟಿರೋ ಗಾಡಿ ನೆತ್ತಿಗೇ ತೂತು ಹೊಡೀತಾರಾ?"

"ಹಂಗಾದ್ರೆ ಮ್ಯಾಗ್ನೆಟ್‌ದು ಕೂರಿಸ್ತೀನಿ. ತಗಡು ಕಚ್ಕೊಂಡು ನಿಂತ್ಕೊಳ್ತದೆ."

"ಕಚ್ಕೊಂಡ್ರೆ ಪೇಂಟ್ ಗೀಚಲ್ವಾ?"

ಹೇಳುತ್ತಲೇ ಪೂಜೆ ತಟ್ಟೆಯಲ್ಲಿದ್ದ ಹಸಿರು ಬ್ಲೌಸ್ ಪೀಸ್ ತಂದು, ನಾಲ್ಕು ಮಡಿಕೆ ಮಾಡಿ, ಮ್ಯಾಗ್ನೆಟ್ಟಿನ ಕೆಳಗೆ ಹಾಸಿದರು. ಮಗುವಿಗೆ ದುಪ್ಪಟಿ ಹಾಸಿದ ಹಾಗೆ. ಸಾದಿಕ್ ತಲೆ ಕೆರೆದುಕೊಂಡ. "ತಗಡಿಗೆ ತಾಕಿದ್ರೆ ಒಳ್ಳೇದಿತ್ತು ಅಣ್ಣಾ." ಆಮೇಲೆ ಎರಡು ಬೆರಳಲ್ಲಿ ಎಳೆದು ನೋಡಿ, "ಸರಿ, ನಡೀತದೆ" ಎಂದ. (ನಮ್ಮ ದೇಶ ನಡೆಯುತ್ತಿರುವುದೇ ಈ ಒಂದು ಮಾತಿನ ಮೇಲೆ.) ಟೆಸ್ಟ್ ಕೂಡ ಆಯಿತು. ದೇವಸ್ಥಾನದ ಅಂಗಳದಲ್ಲಿ ಗಾಡಿ, ದೇವಸ್ಥಾನದ ರೂಮಿನಲ್ಲಿ ರತ್ನಕ್ಕ. ಹಲೋ ಅಂದರೆ ಹಲೋ. ಕೇಳದೆ ಏನು? ಬಾಯಲ್ಲಿ ಕೂಗಿದರೂ ಕೇಳುತ್ತಿತ್ತು!

ಈಗ ಅದೇ ರೂಮಿನಲ್ಲಿ ಸೆಟ್ಟಿನಿಂದ ಬರುತ್ತಿದ್ದುದು ಬರೀ ಸೊಯ್ಯೆನ್ನುವ ಸದ್ದು. ರತ್ನಕ್ಕ ಗುಂಡಿ ಒತ್ತುವುದು, ಕೂಗುವುದು, ಬಿಡುವುದು. ಮತ್ತೆ ಸೊಯ್ಯ್. ನನ್ನ ಗಂಡನಿಗೆ ಏನಾಯಿತೋ ಎಂಬ ಹೆದರಿಕೆ ಒಂದು ಕಡೆ. ಆ ಮುಖ ಕಾಣದ ಹುಡುಗಿಯದು ಇನ್ನೊಂದು ಕಡೆ. "ದೇವರೇ, ಕ್ರಾಸ್ ಹತ್ರ ಒಂದು ಗಳಿಗೆ ನಿಲ್ಲಿಸಪ್ಪ" ಅಂದುಕೊಂಡೆ. ಅದೇ ನನ್ನ ಮಂತ್ರ.

"ನೀನು ಕೂಗಮ್ಮ," ರತ್ನಕ್ಕ ಮೈಕನ್ನು ನನ್ನ ಕೈಗಿಟ್ಟರು. "ನಿನ್ನ ದನಿಗಾದ್ರೂ ಓಗೊಡ್ತಾರೇನೋ ನೋಡಣ."

"ಮನೇಲಿ ಕರೆದ್ರೇ ಓಗೊಡಲ್ಲ ಅಕ್ಕ, ಇಲ್ಲಿ ಕೊಡ್ತಾರಾ?" ಅಂದೆ. ನಗು ಬರಲಿಲ್ಲ ಇಬ್ಬರಿಗೂ. ಗುಂಡಿ ಒತ್ತಿದೆ. ಗಂಡನನ್ನು ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. "ರೀ... ರೀ... ಕ್ರಾಸ್‌ನಲ್ಲಿ ಎಡಕ್ಕೆ ತಿರುಗಿಸ್ರೀ. ನೇರ ಬರಬೇಡಿ. ಲಾರಿ ಬಿದ್ದೈತೆ. ಚಿಂತಾಮಣಿಗೆ ಹೋಗ್ರೀ." ಸೊಯ್ಯ್. ಮತ್ತೆ ಅದನ್ನೇ. ಮತ್ತೆ. ಬೆರಳಿಗೆ ಅಂಟಿದ್ದ ಅವರೆ ಸಿಪ್ಪೆ ಮೈಕಿಗೂ ಅಂಟಿತು. ಇಷ್ಟು ಹೊತ್ತಿಗೆ ಕ್ರಾಸ್ ದಾಟಿಯೇಬಿಟ್ಟರು ಅನಿಸಿದರೂ ಇನ್ನೊಮ್ಮೆ ಕೂಗಿ ಗುಂಡಿ ಬಿಟ್ಟೆ.

ಆಗ ಸೆಟ್ಟು ಖರ್ ಎಂದಿತು.

"ಯಾರು... ಪದ್ಮಾನಾ? ನೀನ್ಯಾಕೆ ಅಲ್ಲಿದೀಯೇ?"

"ಎಲ್ಲಿದೀರಿ? ಮೊದಲು ಎಲ್ಲಿದೀರಿ ಹೇಳಿ!"

"ಕ್ರಾಸ್ ಹತ್ರಾನೇ. ಗಾಡಿ ನಿಲ್ಸಿದ್ದೆ."

"ಎಡಕ್ಕೆ, ಎಡಕ್ಕೆ! ಚಿಂತಾಮಣಿಗೆ!" ನಾನು ಕಿರುಚಿದ್ದು ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಿದ್ದವರಿಗೂ ಕೇಳಿತಂತೆ. ಆ ಕಡೆಯಿಂದ "ಸರಿ" ಎಂಬ ಒಂದೇ ಮಾತು ಬಂತು. ರತ್ನಕ್ಕ ನನ್ನ ಕೈಯಿಂದ ಮೈಕು ಬಿಡಿಸಿಕೊಳ್ಳಬೇಕಾಯಿತು, ಅಷ್ಟು ಬಿಗಿಯಾಗಿ ಹಿಡಿದಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಂತಾಮಣಿಯಿಂದ ನರ್ಸ್ ಫೋನ್ ಮಾಡಿದರು. ಆಪರೇಷನ್ ಆಯಿತು, ಹೆಣ್ಣು ಮಗು, ಅತ್ತಿತು. ತಾಯಿಯನ್ನು ಐಸಿಯುನಲ್ಲಿ ಇಟ್ಟಿದ್ದಾರೆ, ಹೆದರುವಂಥದ್ದಿಲ್ಲ. ಇನ್ನೂ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ ಡಾಕ್ಟರು.

ಗಾಡಿ ನಿಂತಿದ್ದಾದರೂ ಯಾಕೆ? ಮನೆಗೆ ಬಂದ ಮೇಲೆ ನಮ್ಮವರು ಹೇಳಿದರು. ಗರ್ಭಿಣಿಯ ಅಜ್ಜಿ ಜೊತೆಯಲ್ಲಿತ್ತು. ಗಡಿ ಕಡೆಯ ಹಳ್ಳಿ, ಮನೆಮಾತು ತೆಲುಗು. ಇದ್ದಕ್ಕಿದ್ದಂತೆ ನಮ್ಮವರ ಭುಜ ಹಿಡಿದು, "ಪೈನ ಎವುರೋ ತಡ್ತಾ ಉಂಡಾರು ನಾಯನಾ!" ಎಂದಿತಂತೆ. ಮೇಲೆ ಯಾರೋ ಬಡಿಯುತ್ತಿದ್ದಾರೆ, ಅಂತ. ನಿಜಕ್ಕೂ ಟಕ್ ಟಕ್ ಸದ್ದು. ಆ ಸ್ಥಿತಿಯ ಮೊಮ್ಮಗಳನ್ನು ಮಲಗಿಸಿಕೊಂಡ ಮುದುಕಿಗೆ ನೆತ್ತಿಯ ಮೇಲೆ ಬಡಿಯುವವನು ಯಮನಲ್ಲದೆ ಇನ್ಯಾರು? "ನಿಲ್ಪು ನಾಯನಾ, ನಿಲ್ಪು" ಎಂದು ಗೋಳಾಡಿತಂತೆ. "ಏನೂ ಇಲ್ಲಮ್ಮ, ನೋಡು ಬೇಕಾದ್ರೆ" ಎಂದು ಸಮಾಧಾನ ಮಾಡಲು ಇವರು ಕ್ರಾಸ್ ಹತ್ತಿರ ನಿಲ್ಲಿಸಿ ಇಳಿದರೆ ಏನು ನೋಡುತ್ತಾರೆ! ಬ್ಲೌಸ್ ಪೀಸ್ ಜಾರಿದೆ. ಆಂಟೆನಾ ಮಗುಚಿ, ವೈರಿನಲ್ಲಿ ಜೋತಾಡುತ್ತಾ ಗಾಡಿಗೆ ಬಡಿಯುತ್ತಿದೆ. ಬಟ್ಟೆ ಕಿತ್ತೆಸೆದು, ಹೆಗಲ ಟವೆಲ್ಲಿನಿಂದ ಧೂಳು ಒರೆಸಿ, ಬರೀ ತಗಡಿನ ಮೇಲೆ ಒತ್ತಿ ಕೂರಿಸಿದ್ದಾರೆ. ಒಳಗೆ ಬಂದು ಕೂತರೆ ಸೆಟ್ಟಿನಲ್ಲಿ ಹೆಂಡತಿಯ ಕೂಗು.

ನಾನು ಲೆಕ್ಕ ಹಾಕುತ್ತೇನೆ, ನನ್ನ ಚಾಳಿ ಅದು. ವೈರು ಕಿತ್ತುಹೋಗಲಿಲ್ಲ, ಒಂದು ದಯೆ. ಅಜ್ಜಿಯ ಕಿವಿ ಚುರುಕಾಗಿತ್ತು, ಇನ್ನೊಂದು. ನಮ್ಮವರು ಮುದುಕಿಯ ಮಾತಿಗೆ ಗದರದೆ ಗಾಡಿ ನಿಲ್ಲಿಸಿದರಲ್ಲ, ಅದು ಎಲ್ಲಕ್ಕಿಂತ ದೊಡ್ಡದು. ದೇವರು ಸಹಾಯ ಮಾಡುವುದೂ ಹೀಗೆ ಸಣ್ಣ ಸಣ್ಣ ಚಿಲ್ಲರೆಯಲ್ಲೇ.

ಆದರೂ ಒಂದು ಮಾತು ಒಳಗೆ ಕುಟುಕುತ್ತಲೇ ಇತ್ತು. ನಮ್ಮ ಮನೆಗಳಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್, ಸೋಫಾಕ್ಕೆ ಬೆಡ್‌ಶೀಟ್, ಬೆಡ್‌ಶೀಟಿನ ಮೇಲೊಂದು ಟವೆಲ್. ಬಣ್ಣ ಹೋಗಬಾರದು, ಗೀಚಬಾರದು. ವಸ್ತು ತಂದಿದ್ದು ಯಾತಕ್ಕೆ ಎನ್ನುವುದು ಮಾತ್ರ ಮರೆತುಹೋಗಿರುತ್ತದೆ. ಇಷ್ಟಾದ ಮೇಲೂ ನಮ್ಮವರು ಊಟಕ್ಕೆ ಕೂತು ಹೇಳಿದ್ದೇನು ಗೊತ್ತೆ?

"ಇನ್ನೂ ದೊಡ್ಡ ಮ್ಯಾಗ್ನೆಟ್ ಸಿಗ್ತದಂತೆ. ಸಾದಿಕ್‌ಗೆ ಹೇಳ್ತೀನಿ."

"ತೂತು ಹೊಡ್ಸಿ ಅಂದ್ರೆ?"

"ಪೂಜೆ ಆಗಿರೋ ಗಾಡಿ ಕಣೇ. ನೀನೇ ಇಷ್ಟು ದೇವರು ದಿಂಡರು ಅಂತೀಯ..."

"ನಮ್ಮ ಮಗಳಿಗೆ ಕಿವಿ ಚುಚ್ಚಿಸಿದ್ವಲ್ಲ, ಪೂಜೆ ಮಾಡೇ ತಾನೆ ಚುಚ್ಚಿಸಿದ್ದು? ಆಗ ದೇವರು ಬೇಡ ಅಂದ್ನಾ? ಈ ಗಾಡಿಗೆ ಆ ಆಂಟೆನಾನೇ ಕಿವಿ. ಒಳ್ಳೇ ದಿನ ನೋಡಿ ಚುಚ್ಚಿಸಿ."

ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಅಷ್ಟೇ ಸಾಕಾಯಿತು ನನಗೆ.

ಶುಕ್ರವಾರ ಸಾದಿಕ್ ಡ್ರಿಲ್ ಹಿಡಿದು ಬಂದ. ನಾನು ಗಾಡಿಗೆ ಆರತಿ ಎತ್ತಿ, ಕಾಯಿ ಒಡೆದು, "ಈಗ ಹೊಡಿಯಪ್ಪ" ಎಂದೆ. ಡ್ರಿಲ್ ಗುರ್ರೆನ್ನುತ್ತಿದ್ದಂತೆ ನಮ್ಮವರು ಆ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡರು. ಮಗಳಿಗೆ ಚುಚ್ಚಿಸುವಾಗಲೂ ಹೀಗೇ ನಿಂತಿದ್ದರು. ಸಾದಿಕ್ ವಾಷರ್ ಹಾಕಿ, ಬೋಲ್ಟ್ ಬಿಗಿದು, ಸುತ್ತ ಅಂಟು ಮೆತ್ತಿದ. ಈ ಸಲ ಟೆಸ್ಟು ಅಂಗಳದಲ್ಲಿ ಮಾಡಲಿಲ್ಲ. ಸಾದಲಿ ಗುಡ್ಡದ ಆಚೆ ಹೋಗಿ ಮಾತಾಡಿದರು. ಪಕ್ಕದಲ್ಲಿ ಕೂತು ಮಾತಾಡಿದಂತಿತ್ತು ಎಂದರು ರತ್ನಕ್ಕ.

ಮನೆ ಮುಂದೆ ಗಾಡಿ ನಿಲ್ಲಿಸಿ, ಸ್ಟೂಲ್ ಹತ್ತಿ, ನಮ್ಮವರು ಆ ತೂತಿನ ಸುತ್ತ ಬೆರಳಾಡಿಸುತ್ತಿದ್ದರು. "ಮಳೆ ಬಂದ್ರೆ ಸೋರಲ್ವೇನೇ?"

"ಸೋರಿದ್ರೆ ಒರೆಸೋಣ ಬನ್ನಿ" ಎಂದು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.

ನೀರು ಕುದಿಯುವಷ್ಟು ಹೊತ್ತು ನೀವೂ ಯೋಚಿಸಿ: ನಿಮ್ಮ ಮನೆಯಲ್ಲಿ ಪೂಜೆ ಮಾಡಿ ಜೋಪಾನವಾಗಿಟ್ಟ ಎಷ್ಟು ವಸ್ತುಗಳನ್ನು ನೀವು ಅವುಗಳ ಕೆಲಸ ಮಾಡಲು ಬಿಟ್ಟಿದ್ದೀರಿ?