ಮುಂದಿನ ಚಿತ್ರ ಬರುವವರೆಗೆ

ಭೂಮಿಯ ನೆತ್ತಿಯ ಮೇಲಿನ ಹಿಮವನ್ನು ಗೋವದ ಸೆಕೆಯಲ್ಲಿ ಕುಳಿತು ಮೂರು ದಶಕ ಓದಿದ ಡಾ. ಶೈಲಾ ಹೊಸಮನಿಯವರು ಉಪಗ್ರಹ ಚಿತ್ರಗಳ ವಿಶ್ಲೇಷಣೆಯಲ್ಲಿ ನಮ್ಮ ಹಿರಿಯರಲ್ಲೊಬ್ಬರು; ಮೇಜಿನ ಮೇಲಿನ ಚಹಾ ಮರೆಯುವುದರಲ್ಲಂತೂ ಅವರಿಗೆ ಸಾಟಿಯೇ ಇಲ್ಲ.

ವಿಜಯಪುರದಿಂದ ದುಡಿಯಲು ಬಂದು ಗೋವದ ಸಾಂಕೋಲೆಯಲ್ಲಿ ನೆಲೆಸಿದ ಮಾನಪ್ಪ, ಭಾಗವ್ವ ದಂಪತಿಗಳ ಮಗಳು ಅವರು. ನಾನು ಶಿಷ್ಯೆಯಾಗಿ ವಾಸ್ಕೋದ ಧ್ರುವ ಸಂಶೋಧನಾ ಕೇಂದ್ರ ಸೇರಿದ ಮೊದಲ ವಾರವೇ ಮೋಡವನ್ನು ಹಿಮವೆಂದು ಬರೆದುಕೊಟ್ಟೆ. ಅವರು ಗದರಲಿಲ್ಲ, ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟು, "ಮೊದಲ ತಿನ್ನು. ಉಪಗ್ರಹ ಇನ್ನೊಂದು ಸುತ್ತ ಹಾಕಿ ಬರ್ತೈತಿ. ಮೋಡ ಇದ್ರ ಅಷ್ಟೊತ್ತಿಗೆ ಓಡಿರ್ತೈತಿ" ಎಂದರು. ಆ ಉಪಗ್ರಹಗಳು ಪ್ರತಿ ಸುತ್ತಿಗೂ ಧ್ರುವದ ಬಳಿ ಹಾಯುವುದರಿಂದ ಆರ್ಕ್ಟಿಕ್‌ನ ಹೊಸ ಚಿತ್ರಕ್ಕೆ ಬಹಳ ಕಾಯಬೇಕಿಲ್ಲ. ಅಲ್ಲಿ ದೋಣಿಯಲ್ಲಿ ಹೋಗುವ ನಮ್ಮ ತಂಡಗಳಿಗೆ ದಾರಿ ಹೇಳುವಾಗಲೂ ಒಂದೇ ಚಿತ್ರ ನಂಬಿ ಅವರು ಯಾರನ್ನೂ ನೀರಿಗಿಳಿಸಿದವರಲ್ಲ.

ನಿವೃತ್ತಿಯ ದಿನ ಸಭಾಂಗಣ ತುಂಬಿತ್ತು. ಅದೇ ಹೊತ್ತಿಗೆ ಆರ್ಕ್ಟಿಕ್‌ನಲ್ಲಿದ್ದ ನಮ್ಮ ಕಿರಿಯ ಸಂಶೋಧಕರು ರವಿಕುಮಾರ, ಹಾರೂನ, ಆರ್ಜೂ ಮೂವರೂ ದೋಣಿ ಹತ್ತಲು ಸಜ್ಜಾಗಿದ್ದರು. ಫೋನಿನಲ್ಲಿ ರವಿಕುಮಾರನಿಗೆ ಅವಸರ: "ಕೊಲ್ಲಿ ಬಾಯಾಗ ಬರೇ ಮೋಡ ಐತ್ರಿ ಮೇಡಂ, ಹೊಂಟೇವ್ರಿ."

"ಬೆಳ್ಳಗಿರೋದೆಲ್ಲಾ ಹಾಲಲ್ಲಪಾ. ಮುಂದಿನ ಚಿತ್ರ ಬರೂತನಕಾ ದೋಣಿ ದಂಡಿಗೇ ಇರ್ಲಿ."

ಹಾರ ಹಿಡಿದು ಮೇಡಂ ಕೋಣೆಯ ಬಾಗಿಲಲ್ಲಿ ನಿಂತಿದ್ದ ನನಗೆ ಸಿಟ್ಟೇ ಬಂತು. "ಮಂದಿ ಕಾಯಾಕತ್ತಾರ್ರಿ ಮೇಡಂ."

"ಕಾಯಲಿ. ಕುರ್ಚಿ ಮುಳುಗೂದಿಲ್ಲ."

ಚಿತ್ರ ಬಂತು. ಮೋಡಗಳೆಲ್ಲ ಚದುರಿದ್ದವು, ಒಂದು ಬಿಳಿ ಪಟ್ಟೆ ಮಾತ್ರ ಚದುರದೆ ಕೊಲ್ಲಿಯ ಬಾಯಿಗೇ ಸರಿದು ಬಂದಿತ್ತು. ಗಾಳಿ ತಳ್ಳಿಕೊಂಡು ಬಂದ ಹಿಮಗಡ್ಡೆಗಳ ಹಿಂಡು ಅದು. ಹೊರಟಿದ್ದರೆ ಮೂವರೂ ಅದರ ನಡುವೆ ಸಿಕ್ಕಿಕೊಳ್ಳುತ್ತಿದ್ದರು. ಸುದ್ದಿ ಮುಟ್ಟಿಸಿದಾಗ ರವಿಕುಮಾರ, "ದೋಣಿನ ದಂಡಿ ಮ್ಯಾಲ ಎಳಿತೇವ್ರಿ" ಎಂದ.

ನಾನು ಹಾರ ಎತ್ತಿದೆ. ಮೇಡಂ ಕೈ ಹಿಡಿದು ತಡೆದರು. "ಹುಡುಗ್ರು ಮನಿ ಮುಟ್ಟಲಿ, ಆಮ್ಯಾಲ ಹಾಕೀಯಂತ."

ಸಭೆಗೆ ಬಂದರು, ಭಾಷಣ ಕೇಳಿದರು, ತಣ್ಣಗಾದ ಚಹಾ ಕುಡಿದರು. ಹಾರ ಮಾತ್ರ ಹಾಕಿಸಿಕೊಳ್ಳಲಿಲ್ಲ. ಅವರಿಗೆ ಅರ್ಪಿಸುವ ಈ ಅಭಿನಂದನ ಸಂಪುಟ ತಡವಾಗಿದ್ದಕ್ಕೂ ಅದೇ ಕಾರಣ. ಮುದ್ರಕರನ್ನು ಯಾರೂ ಬೈಯಬಾರದು.

ಅವರ ಕಣ್ಣು ಹೀಗೇ ಚುರುಕಾಗಿರಲಿ, ಆಯುಷ್ಯ ನೂರು ದಾಟಲಿ, ನಮ್ಮ ಅವಸರಗಳಿಗೆಲ್ಲ ಅವರ ತಡೆ ಸಿಗುತ್ತಿರಲಿ. ಮೇಡಂ, ಇಂದು ಬಿಡುಗಡೆಯ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಗಳನ್ನು ನೋಡಿ: ಮೂವರೂ ಮನೆ ಮುಟ್ಟಿದ್ದಾರೆ, ಹೊಸ ಹಾರವನ್ನು ಅವರೇ ತಂದಿದ್ದಾರೆ. ಇನ್ನಾದರೂ ಕುತ್ತಿಗೆ ಬಗ್ಗಿಸಿ.