ಅಮ್ಮನನ್ನು ಒಪ್ಪಿಸಲು ಬಂದ ಕೋಚ್

ನಾನು ಮೊಣಕಾಲಿನ ಡಾಕ್ಟರ್. ಹೈಸ್ಕೂಲಿನಲ್ಲಿದ್ದ ನನ್ನ ಮಗನನ್ನು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕರೆಯಲು ಒಬ್ಬ ಕೋಚ್ ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಮನೆಗೇ ಬಂದರು. ಇಲ್ಲಿ ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಚೆಂಡು ಹಿಡಿದು ಓಡುವವನ ಮೇಲೆ ಬಿದ್ದು ಕೆಡವುವ ಆಟ. ಮಗ ಆಗಲೇ ಒಪ್ಪಿದ್ದ. ಒಪ್ಪಿಸಬೇಕಾಗಿದ್ದದ್ದು ನನ್ನ ಹೆಂಡತಿಯನ್ನು. ಅದು ಕೋಚ್‌ಗೂ ಗೊತ್ತಿತ್ತು. ಅವಳು ಮಾಡಿದ ಉಪ್ಪಿಟ್ಟನ್ನು ಮತ್ತೆ ಕೇಳಿ ಹಾಕಿಸಿಕೊಂಡರು.

“ಪೆಟ್ಟಾದರೆ?” ಅಂತ ಅವಳು ಕೇಳಿದಳು.

“ಚಿಂತೆ ಬೇಡ ಮೇಡಂ, ನಾವು ನೋಡ್ಕೋತೀವಿ.”

ಹೊರಡುವಾಗ ಶೂ ಹಾಕಿಕೊಳ್ಳಲು ಬಗ್ಗಿದವರಿಗೆ ಮೇಲೇಳಲಾಗಲಿಲ್ಲ. ನಾನೂ ಮಗನೂ ಹಿಡಿದು ಎಬ್ಬಿಸಿದೆವು.

“ಫುಟ್‌ಬಾಲ್ ಆಡಿ ಮೊಣಕಾಲು ಹೀಗಾಯಿತಾ?” ಎಂದಳು ಹೆಂಡತಿ.

ಕೋಚ್ ಅವರ ಮುಖ ಕೆಂಪಾಯಿತು. “ಹೌದು. ನಿಮ್ಮ ಮಗ ಬರೀ ಚೆಂಡು ಒದೆಯುವವನು, ಅವನ ಮೇಲೆ ಯಾರೂ ಅಷ್ಟಾಗಿ ಬೀಳಲ್ಲ. ಬೀಳೋದೇ ಇಲ್ಲ ಅಂತ ಮಾತ್ರ ಹೇಳಲಾರೆ.”

ಆ ಮಾತಿಗೇ ಅವಳು ಒಪ್ಪಿದಳು. ಮಗ ಅವರ ತಂಡ ಸೇರಿದ, ಅವರು ನನ್ನ ಪೇಷೆಂಟ್ ಆದರು. ಹುಡುಗರಿಗೆ ದಿನವಿಡೀ ವ್ಯಾಯಾಮ ಮಾಡಿಸುವ ಮನುಷ್ಯ, ನಾನು ಹೇಳಿಕೊಟ್ಟದ್ದನ್ನು ಮಾತ್ರ ಮಾಡುವುದಿಲ್ಲ.