ಮುಕ್ಕಾಲಿಂಚಿನ ಮೀನುತೊಟ್ಟಿ

ಪೈಪಂಗಡಿಯ ಕೌಂಟರಿನಲ್ಲಿ ಆರು ವರ್ಷದಿಂದ ನಿಂತಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಮುಕ್ಕಾಲಿಂಚು ಎಂದು. ಆಳೂ ಗಿಡ್ಡ, ಅಂಗಡಿಯಲ್ಲಿ ಹೆಚ್ಚು ಖರ್ಚಾಗುವ ಪೈಪಿನ ಅಳತೆಯೂ ಅದೇ. ಪೈಪು ಜೋಡಿಸುವ ಎಲ್ಬೋ, ಮೂರು ಬಾಯಿಯ ಟೀ, ಕಪ್ಲಿಂಗ್ ಎಲ್ಲವನ್ನೂ ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದ, ಜೊತೆಗೆ ಪುಕ್ಕಟೆ ಉಪದೇಶ ಬೇರೆ. ತನ್ನ ಕೈಯಾರೆ ಮಾತ್ರ ಒಂದು ಪೈಪನ್ನೂ ಅಂಟಿಸಿದವನಲ್ಲ.

ಅಕ್ಕನೂ ಅವನೂ ಇದ್ದದ್ದು ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ. ಕೆಳಗೆ ಮನೆಯೊಡತಿಯ ಹೊಲಿಗೆ ಅಂಗಡಿ. ಹಿಂದಿನ ತಿಂಗಳು ಅವನು ಮೀನುತೊಟ್ಟಿಗೆ ನೀರು ಬಿಟ್ಟು ಮರೆತು, ಆ ನೀರು ಚಾವಣಿಯಲ್ಲಿ ಇಳಿದು, ಇಸ್ತ್ರಿ ಮಾಡಿಟ್ಟ ಬಿಳಿ ಸಮವಸ್ತ್ರಗಳ ಮೇಲೆ ತೊಟ್ಟಿಕ್ಕಿತ್ತು. "ಇನ್ನೊಂದು ಹನಿ ಬಿದ್ರೆ ಆ ತೊಟ್ಟಿ ಹೋಗ್ಬೇಕು, ಇಲ್ಲಾ ನೀವಿಬ್ರೂ ಹೋಗ್ಬೇಕು," ಎಂದಿದ್ದರು ಟೈಲರಮ್ಮ.

ತೊಟ್ಟಿಯಲ್ಲಿ ಎಂಟು ಮೀನು. ಹಗಲೆಲ್ಲ ಗಿರಾಕಿಗಳ ಕೈಲಿ ಬೈಸಿಕೊಂಡು ಬಂದವನನ್ನು ಕಂಡರೆ ಗಾಜಿನ ಹತ್ತಿರ ಓಡಿಬರುತ್ತಿದ್ದವು ಅವು ಮಾತ್ರ. ಹಾಗಾಗಿ ಈ ಸಲ ಮರೆವಿಗೆ ಜಾಗವೇ ಇಲ್ಲದ ಏರ್ಪಾಡು: ಮಟ್ಟ ಮೀರಿದ ನೀರು ಪೈಪಿನಲ್ಲಿ ತಾನೇ ಏರಿ, ಗಾಜಿನ ಅಂಚು ದಾಟಿ, ಕೆಳಗಿನ ಡ್ರಮ್ಮಿಗೆ ಬೀಳಬೇಕು. ಅಲ್ಲಿ ಸೋಸಿದ್ದನ್ನು ಪಂಪು ಮೇಲಕ್ಕೆ ತಳ್ಳಬೇಕು.

ಅಂಟು ಹತ್ತು ಎಣಿಸುವಷ್ಟರಲ್ಲಿ ಕಲ್ಲಾಗುತ್ತದೆ ಎಂದು ಊರಿಗೆಲ್ಲ ಹೇಳಿದವನು, ಎಲ್ಬೋವನ್ನು ತಪ್ಪಾಗಿ ಗೋಡೆಯ ಕಡೆಗೆ ಅಂಟಿಸಿ, ಹನ್ನೊಂದು ಎಣಿಸಿದ ಮೇಲೆ ತಿರುಗಿಸಲು ಹೋದ. ಗರಗಸ ಬೆರಳು ಕುಯ್ದಿತು. ಪೈಪಿಗೆ ಬೈದ, ಗರಗಸಕ್ಕೆ ಬೈದ, ಗರಗಸ ಕಂಡುಹಿಡಿದವನ ವಂಶಕ್ಕೂ ಬೈದ.

ಕೆಲಸ ಹಿಡಿದ ಮೂರನೆಯ ಭಾನುವಾರ ನೀರು ಅಂಚು ದಾಟಿತು. ಗೊಳಗೊಳ ಸದ್ದು ಮಾಡುತ್ತ ಡ್ರಮ್ಮಿಗೆ ಬಿತ್ತು. ಅವನು ಒಂದು ಗಂಟೆ ಕೂತು ನೋಡಿದ, ಪೈಪಿನ ಚೂರುಪಾರು ಎತ್ತಿಟ್ಟ, ಎದೆಯುಬ್ಬಿಸಿಕೊಂಡು ಮೀನಿನ ಆಹಾರ ತರಲು ಹೋದ.

ಬಂದಾಗ ಮೆಟ್ಟಿಲಿನ ಮೇಲೆ ನೀರು ಹರಿಯುತ್ತಿತ್ತು.

ಒಳಗೆ ಅಕ್ಕ ಆಗಲೇ ಪಂಪಿನ ಸ್ವಿಚ್ ಆರಿಸಿ, ಹಾಸಿಗೆ ಹೊದಿಕೆಯಿಂದ ನೆಲ ಒರೆಸುತ್ತಿದ್ದಳು.

"ಯಾರು ಮುಟ್ಟಿದ್ದು ಇದನ್ನ?" ಎಂದು ಕಿರುಚಿದ. "ನೀನೇ ಏನೋ ತಿರುಗಿಸಿರ್ತೀಯ!"

"ನಾನು ಮಲಗಿದ್ದೆ ಕಣೋ. ಕಾಲಿಗೆ ತಣ್ಣಗಾದಾಗಲೇ ಎದ್ದಿದ್ದು."

"ಹಾಗಾದ್ರೆ ಪಂಪು ಮಾರಿದವನ ತಲೆ ಒಡೀತೀನಿ!"

"ಒಡಿ. ಅದಕ್ಕೆ ಮುಂಚೆ ಹೇಳು, ಈ ಟೋಪಿ ಯಾರು ಹಾಕಿದ್ದು?"

ತೊಟ್ಟಿಯ ಹೊರಗೆ, ಟೀಯ ತುದಿಯಲ್ಲಿ ಗಾಳಿಗೆಂದು ಬಿಟ್ಟಿದ್ದ ಬಾಯಿಯ ಮೇಲೆ ಬಿಳಿ ಮುಚ್ಚಳ ಕೂತಿತ್ತು. ಅವನದೇ ಕೆಲಸ. ತೆರೆದ ಬಾಯಿ ಕಂಡರೆ ಮುಚ್ಚಳ ಮಾರದೆ ಗಿರಾಕಿಯನ್ನು ಬಿಡಬೇಡ ಎಂಬುದು ಅಂಗಡಿ ಯಜಮಾನರ ಪಾಠ. ಚೂರುಪಾರು ಎತ್ತಿಡುವಾಗ ಕೈ ತನ್ನ ಪಾಡಿಗೆ ಮುಚ್ಚಿತ್ತು, ಸದ್ದು ನಿಂತದ್ದಕ್ಕೆ ಅವನು ಹಿಗ್ಗಿಯೂ ಇದ್ದ. ಗಾಳಿ ಸಿಗದ ಪೈಪು ನೀರನ್ನು ಜೋರಾಗಿ ಎಳೆದು, ಮಟ್ಟ ಇಳಿಸಿ, ತೊಟ್ಟಿಯೊಳಗಿನ ಬಾಯಿಂದ ಗಾಳಿ ನುಂಗಿ, ಹರಿವು ಕಡಿದುಕೊಂಡಿತ್ತು. ಪಂಪಿಗೇನು ಗೊತ್ತು? ಡ್ರಮ್ಮಿನ ನೀರನ್ನೆಲ್ಲ ಮೇಲಕ್ಕೆ ತಳ್ಳುತ್ತಲೇ ಇತ್ತು.

ಬೈಯಲು ಇನ್ನು ಯಾರೂ ಉಳಿದಿರಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ. ಮುಚ್ಚಳ ಕಿತ್ತು ಗೋಡೆಗೆ ಬೀಸಿದ. ಅದು ಪುಟಿದು ಅವನ ಮೊಣಕಾಲಿಗೇ ಬಡಿಯಿತು.

ಕೆಳಗೆ ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ, ಹನಿಗಳ ಕೆಳಗೆ ಬಕೆಟ್ ಇಟ್ಟು ನಿಂತಿದ್ದರು. ಮೆಟ್ಟಿಲಿಳಿಯುತ್ತ ಅವನು ತಪ್ಪನ್ನು ಪಂಪಿನ ಮೇಲೆ ಹೊರಿಸುವ ಕಥೆ ಹೊಸೆದಿದ್ದ.

"ಪಂಪು ಕೆಟ್ಟಿತ್ತು ಅನ್ಬೇಡಪ್ಪ," ಎಂದರು ಅವರು, ಅವನು ಬಾಯಿ ತೆರೆಯುವ ಮೊದಲೇ.

"ಇಲ್ಲಮ್ಮ. ನಾನೇ ಕೆಟ್ಟವನು."

"ಅದು ಗೊತ್ತು. ತೊಟ್ಟಿನಾ, ಮನೆನಾ?"

ಮೇಲೆ ಅಕ್ಕ ಒದ್ದೆ ಹೊದಿಕೆ ಹಿಂಡುವ ಸದ್ದು ಕೇಳುತ್ತಿತ್ತು. ಈ ಮನೆ ಹುಡುಕಲು ಅವಳು ಚಪ್ಪಲಿ ಸವೆಸಿದ್ದಳು.

"ತೊಟ್ಟಿ," ಎಂದ.

"ಯಾವತ್ತು?"

"ಇವತ್ತೇ!" ಎಂದು ರೇಗಿದ, ಅವರೇನೋ ತಪ್ಪು ಮಾಡಿದವರ ಹಾಗೆ.

ಮೇಲೆ ಬಂದು ಅಂಗಿಯ ತೋಳು ಮಡಿಸಿ ತೊಟ್ಟಿಗೆ ಬಲೆ ಇಳಿಸಿದ. ಅಕ್ಕ ಬಕೆಟ್ ಹಿಡಿದಳು. ಏಳು ಮೀನು ಬಂದವು. ಎಂಟನೆಯದು ಪೈಪಿನ ಹಿಂದೆ ಅಡಗಿ, ಎಷ್ಟು ತಡಕಿದರೂ ನುಣುಚಿಕೊಳ್ಳುತ್ತಿತ್ತು.

"ಬಾರೋ ಹಾಳಾದವನೇ," ಎಂದ ಹಲ್ಲು ಕಚ್ಚಿ. "ನಿನ್ನ ಕಳಿಸೋಕೆ ನನಗೇನು ಆಸೆನಾ?"